ಮರ ಹತ್ತುವವನ ಕೂಲಿ

ಸುಂಟಿಕೊಪ್ಪ
ಡಿಸೆಂಬರ್ 2025

ಮುದ್ದಿನ ಪುಟ್ಟೀ,

ನಿನ್ನ ಕಾಗದ ಕೈಸೇರಿತು. ಯಾದಗಿರಿಯ ಜೋಳದ ರೊಟ್ಟಿ ನಿನಗೆ ಒಗ್ಗಿತು ಅಂತ ಓದಿ ಅಮ್ಮನಿಗೆ ಅರ್ಧ ಸಮಾಧಾನ. ಇಲ್ಲಿ ಹುತ್ತರಿ ಮುಗಿಯಿತು, ಅರೇಬಿಕಾ ಕುಯ್ಲು ನಡೆಯುತ್ತಾ ಉಂಟು, ರೊಬಸ್ಟಾ ಇನ್ನೇನು ಶುರುವಾಗಬೇಕು. ಮೊಣಕಾಲಿನ ನೋವು ಬಿಟ್ಟರೆ ನಾನು ಗಟ್ಟಿಯಾಗಿದ್ದೇನೆ.

ಗಾರೆ ಮೇಸ್ತ್ರಿಯೊಬ್ಬರು ನಿನ್ನ ಮೇಜಿನ ಮುಂದೆ ನಿಂತು, ಇದೇ ಕರಣೆ ಹಿಡಿದು ಬೆಂಗಳೂರಿನಲ್ಲಿ ಗೋಡೆ ಎಬ್ಬಿಸಿದರೆ ಒಂದು ಕೂಲಿ, ಇಲ್ಲಿ ಎಬ್ಬಿಸಿದರೆ ಇನ್ನೊಂದು ಕೂಲಿ, ಗೋಡೆಯಲ್ಲಿ ಏನು ವ್ಯತ್ಯಾಸ ಮೇಡಂ ಎಂದು ಕೇಳಿದರಂತೆ. ಅವರಿಗೆ ಏನು ಹೇಳಬೇಕಿತ್ತು ಅಂತ ನನ್ನನ್ನು ಕೇಳಿದ್ದೀಯ. ಕಾನೂನು ಓದಿದವಳು ನೀನು. ನಾನು ಎಸ್ಟೇಟ್ ರೈಟರ್ ಆಗಿ ಚೆಕ್‌ರೋಲ್ ಎಂಬ ಹಾಜರಿ ಪುಸ್ತಕ ಬರೆದು, ಶನಿವಾರ ಬಟವಾಡೆ ಮಾಡಿ ತಲೆ ನೆರೆಸಿಕೊಂಡವನು. ಆದರೂ ಕೇಳಿದ್ದು ಸಂತೋಷವಾಯಿತು. ಈ ವಿಷಯದಲ್ಲಿ ನನಗೆ ಹೇಳುವುದು ತುಂಬ ಉಂಟು, ಕೇಳುವವರು ಯಾರೂ ಇರಲಿಲ್ಲ.

ಊರಿಂದ ಊರಿಗೆ ಕೂಲಿ ಬೇರೆಯಾಗುವುದು ತಾನಾಗಿಯೇ ಅನ್ಯಾಯವಲ್ಲ. ಏನನ್ನು ಅಳೆದು ಬೇರೆ ಮಾಡಿದರು ಎಂಬುದನ್ನು ನೋಡಬೇಕು. ಈ ವರ್ಷ ಏಪ್ರಿಲ್‌ನಲ್ಲಿ ನಿಮ್ಮ ಕಾರ್ಮಿಕ ಇಲಾಖೆಯಿಂದ ಬಂದ ಕನಿಷ್ಠ ವೇತನದ ಕರಡು ಅಧಿಸೂಚನೆಯನ್ನೇ ತೆಗೆದುಕೋ. ಮೊದಲು ನಾಲ್ಕಿದ್ದ ವಲಯಗಳನ್ನು ಮೂರು ಮಾಡಿದರು. ಅಕುಶಲ ಕೆಲಸಕ್ಕೆ ಬೆಂಗಳೂರು ಮತ್ತು ಸುತ್ತಮುತ್ತ ತಿಂಗಳಿಗೆ 23,376 ರೂಪಾಯಿ, ಜಿಲ್ಲಾ ಕೇಂದ್ರಗಳಲ್ಲಿ 21,251, ಮಿಕ್ಕ ಊರುಗಳಲ್ಲಿ 19,319 ಎಂದು ಸೂಚಿಸಿದರು. ಮೊತ್ತ ಏರಿಸಲು ಹೊರಟದ್ದು ಒಳ್ಳೆಯದೇ. ಆದರೆ ಆ ಲೆಕ್ಕವನ್ನು ಕೊಡಗಿನ ಮೇಲೆ ಇಟ್ಟು ನೋಡು. ಮಡಿಕೇರಿ ಎರಡನೆಯ ವಲಯ, ಭಾಗಮಂಡಲ ಮೂರನೆಯದು. ಮಡಿಕೇರಿಯಲ್ಲಿ ತಡೆಗೋಡೆ ಕಟ್ಟುವ ಮೇಸ್ತ್ರಿ ಅದೇ ಕೆಲಸಕ್ಕೆ ಭಾಗಮಂಡಲಕ್ಕೆ ಹೋದರೆ ಕಾಗದದ ಮೇಲೆ ಅವನ ಕೂಲಿ ಇಳಿಯುತ್ತದೆ. ಅಲ್ಲಿಗೆ ಸಿಮೆಂಟು ದುಬಾರಿ, ಜಲ್ಲಿ ದುಬಾರಿ, ತರಕಾರಿ ದುಬಾರಿ. ಮಳೆಯಂತೂ ಕೇಳಬೇಡ. ವರ್ಷಕ್ಕೆ ಐದು ಸಾವಿರ ಮಿಲಿಮೀಟರ್ ದಾಟುವ ಜಾಗ ಅದು. ಇದೇ ಜಿಲ್ಲೆಯ ಕುಶಾಲನಗರದಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ, ಆದರೆ ವಲಯದ ಪಟ್ಟಿಗೆ ಎರಡೂ ಒಂದೇ.

ತಿಂಗಳ ವೇತನವನ್ನು 26ರಿಂದ ಭಾಗಿಸಿ ದಿನಗೂಲಿ ತೆಗೆಯುವುದು ನಿಮ್ಮ ಪದ್ಧತಿ. ಕಾರ್ಖಾನೆಗೆ ಅದು ಸರಿ. ಜುಲೈ ತಿಂಗಳಲ್ಲಿ ಭಾಗಮಂಡಲದಲ್ಲೋ ನಾಪೋಕ್ಲಿನಲ್ಲೋ ಗಾರೆ ಕೆಲಸದವನಿಗೆ 26 ದಿನ ಯಾರು ಕೆಲಸ ಕೊಡುತ್ತಾರೆ? ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಅವನ ಕರಣೆ ಅಟ್ಟದ ಮೇಲೆ. ಮಕ್ಕಳ ಫೀಸು ಕಟ್ಟುವ ತಿಂಗಳೂ ಜೂನ್. ಆದ್ದರಿಂದ ನಮ್ಮ ಕಡೆ ಮೇಸ್ತ್ರಿ ಬೇಸಿಗೆಯಲ್ಲಿ ಕೇಳುವ ಕೂಲಿ ಮೈಸೂರಿಗಿಂತ ಹೆಚ್ಚಿದ್ದರೆ ಅದನ್ನು ದುರಾಸೆ ಅನ್ನಬೇಡ. ಎಂಟು ತಿಂಗಳಲ್ಲಿ ಹನ್ನೆರಡು ತಿಂಗಳಿನ ಅನ್ನ ಸಂಪಾದಿಸುವವನ ಲೆಕ್ಕ ಅದು. ವಲಯ ಮಾಡುವುದಾದರೆ ಮಳೆಯ ದಿನಗಳನ್ನೂ ಎಣಿಸಿ ಮಾಡಲಿ. ಪಟ್ಟಣದ ಗಡಿ ಎಲ್ಲಿ ಮುಗಿಯುತ್ತದೆ ಎಂದು ನೋಡಿ ಗೆರೆ ಎಳೆದರೆ ಏನೂ ತಿಳಿಯುವುದಿಲ್ಲ.

1957ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನದ ಸೂತ್ರವನ್ನು ಪರೀಕ್ಷೆಗೆ ಓದುವಾಗ ನೀನು ಜಗಲಿಯಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಕುಟುಂಬಕ್ಕೆ ಮೂರು ಘಟಕ, ಒಬ್ಬರಿಗೆ 2,700 ಕ್ಯಾಲೊರಿ, ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು ದೀಪಕ್ಕೆ ನೂರಕ್ಕೆ ಇಪ್ಪತ್ತು. ಆಮೇಲೆ 1991ರಲ್ಲಿ ರೆಪ್ಟಾಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪಿಗೆ ಅಂತ ಇನ್ನೂ ನೂರಕ್ಕೆ ಇಪ್ಪತ್ತೈದು ಸೇರಿಸಿತು. ಒಳ್ಳೆಯ ಸೂತ್ರ. ಆದರೆ ಅದನ್ನು ತುಂಬುವಾಗ ಎಲ್ಲಿಯ ಬೆಲೆ ಹಾಕುತ್ತಾರೆ ಎಂಬುದರ ಮೇಲೆ ಎಲ್ಲ ನಿಂತಿದೆ. ಮಡಿಕೇರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದೇ 2016ರಲ್ಲಿ. ಇವತ್ತಿಗೂ ದೊಡ್ಡ ಕಾಯಿಲೆಗೆ ನಾವು ಮೈಸೂರಿಗೋ ಮಂಗಳೂರಿಗೋ ಇಳಿಯಬೇಕು. ಮರದಿಂದ ಬಿದ್ದವನನ್ನು ಜೀಪಿನಲ್ಲಿ ಮಲಗಿಸಿಕೊಂಡು ಘಾಟಿ ಇಳಿಯುವ ಖರ್ಚು ಯಾವ ಘಟಕದಲ್ಲಿ ಬರುತ್ತದೆ? ಚಿಕ್ಕ ಊರು ಅಂದರೆ ಅಗ್ಗದ ಬದುಕು ಎಂಬ ನಂಬಿಕೆ ಬೆಂಗಳೂರಿನಲ್ಲಿ ಕೂತವರದ್ದು.

ಈಗ ನನ್ನ ಮನಸ್ಸಿನಲ್ಲಿ ಬಹಳ ವರ್ಷದಿಂದ ಕೂತಿರುವ ಮಾತಿಗೆ ಬರುತ್ತೇನೆ. ನಾನು ಬರೆದ ಚೆಕ್‌ರೋಲ್‌ನಲ್ಲಿ ಡ್ರೈವರ್ ಕುಶಲ ಕೆಲಸಗಾರ, ಪಲ್ಪರ್ ಯಂತ್ರ ನೋಡಿಕೊಳ್ಳುವ ಫಿಟ್ಟರ್ ಕುಶಲ, ಎಲೆಕ್ಟ್ರಿಷಿಯನ್ ಕುಶಲ. ಮರಕಪಾತು ಮಾಡುವವನು, ಮೆಣಸು ಕುಯ್ಯಲು ಏಣಿ ಹತ್ತುವವನು, ಗಿಡದ ಚಿಗುರು ತೆಗೆಯುವ ಹೆಂಗಸು, ಇವರೆಲ್ಲ ಕಳೆ ತೆಗೆಯುವವರ ಸಾಲಿನಲ್ಲೇ, ಬರೀ ತೋಟದಾಳು. ಅವರಿಗೆ ಕೈಯಲ್ಲಿ ಹೆಚ್ಚು ಕೊಡುತ್ತಿದ್ದದ್ದು ಉಂಟು, ಆದರೆ ಅದು ಆ ದಿನದ ಒಪ್ಪಂದ, ಗುತ್ತಿಗೆ ಲೆಕ್ಕ, ಆಳು ಮೇಸ್ತ್ರಿಯ ಬಾಯಿಮಾತು. ಪುಸ್ತಕದಲ್ಲಿ ಅವರ ಕೆಲಸಕ್ಕೆ ಜಾಗ ಇರಲಿಲ್ಲ. ಪುಸ್ತಕದಲ್ಲಿ ಇಲ್ಲದ ಕೂಲಿಯನ್ನು ಮುಂದಿನ ವರ್ಷ ಇಳಿಸುವುದು ಸುಲಭ. ಭವಿಷ್ಯ ನಿಧಿ, ಗ್ರ್ಯಾಚುಟಿ, ಬಿದ್ದರೆ ಪರಿಹಾರ, ಎಲ್ಲವೂ ಪುಸ್ತಕದ ಕೂಲಿಯ ಮೇಲೆ.

ಮರಕಪಾತು ಅಂದರೆ ಏನು ಅಂತ ನಿನಗೂ ಪೂರ್ತಿ ಗೊತ್ತಿಲ್ಲ, ಹಾಸ್ಟೆಲಿನಲ್ಲಿ ಬೆಳೆದವಳು. ಕೇಳು. ಮುಂಗಾರು ಹಿಡಿಯುವುದಕ್ಕೆ ಮುಂಚೆ ನೆರಳಿನ ಮರಗಳ ಕೊಂಬೆ ಸವರಬೇಕು. ಮಳೆಗಾಲದ ಮಬ್ಬಿನಲ್ಲಿ ಗಿಡಕ್ಕೆ ಬೆಳಕು ಸಿಗಬೇಕು, ಗಾಳಿ ಆಡಬೇಕು, ಇಲ್ಲದಿದ್ದರೆ ಕೊಳೆರೋಗ. ಹಾಗಂತ ಹೆಚ್ಚು ಕಡಿದರೆ ಮುಂದಿನ ಬೇಸಿಗೆಯಲ್ಲಿ ಬಿಸಿಲು ನೇರ ಗಿಡದ ಕಾಂಡಕ್ಕೆ ಬೀಳುತ್ತದೆ. ಬಿಸಿಲು ಬಿದ್ದ ಅರೇಬಿಕಾವನ್ನು ಹುಡುಕಿಕೊಂಡು ಬಿಳಿ ಕಾಂಡಕೊರಕ ಬರುತ್ತದೆ. ಹಾಗಾಗಿ ಗೊತ್ತಿರುವವನು ಮಧ್ಯಾಹ್ನದ ಬಿಸಿಲು ಬರುವ ಪಡುವಣ ದಿಕ್ಕಿನ ಕೊಂಬೆಯನ್ನು ಉಳಿಸಿಕೊಂಡು ಮಿಕ್ಕದ್ದನ್ನು ಬಿಡಿಸುತ್ತಾನೆ. ಮರದ ಮೇಲೆ ನಿಂತು, ಒಂದು ಕೈಯಲ್ಲಿ ಕತ್ತಿ, ಕೆಳಗೆ ಕಾಫಿ ಗಿಡ. ಕಡಿದ ಕೊಂಬೆ ಗಿಡದ ಮೇಲೆ ಬೀಳದೆ ಸಾಲಿನ ಮಧ್ಯೆ ಬೀಳಬೇಕು. ಹಾಲುವಾಣದ ಕೊಂಬೆ ಮೆದು, ಕಾಲಿಟ್ಟ ಕಡೆ ಮುರಿಯುತ್ತದೆ. ಸಿಲ್ವರ್ ಓಕ್ ನೆಟ್ಟಗೆ, ಹಿಡಿಯಲು ಏನೂ ಸಿಗದು. ಯಾವ ಮರಕ್ಕೆ ಎಲ್ಲಿ ಕಾಲಿಡಬೇಕು ಎಂಬುದನ್ನು ತಿಳಿಯಲು ಹತ್ತಾರು ಮಳೆಗಾಲ ಬೇಕು. ಬರದವನು ಕಡಿದರೆ ನಷ್ಟ ಆ ವರ್ಷ ಕಾಣುವುದಿಲ್ಲ. ಮೂರನೆಯ ವರ್ಷ ಗಿಡ ಹಳದಿಯಾದಾಗ ಸಾಹುಕಾರರು ಗೊಬ್ಬರವನ್ನು ಬೈಯುತ್ತಾರೆ.

ಮೆಣಸು ಕುಯ್ಯುವುದು ಇನ್ನೊಂದು. ಮೂವತ್ತು ನಲವತ್ತು ಅಡಿಯ ಮರಕ್ಕೆ ಒಂಟಿ ಬಿದಿರಿನ ಏಣಿ ಒರಗಿಸಿ ಕಟ್ಟಿ, ಸೊಂಟಕ್ಕೆ ಚೀಲ ಬಿಗಿದು, ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದದ್ದನ್ನು ನೋಡಿ ಕೀಳಬೇಕು. ಬಳ್ಳಿ ಎಳೆಯಬಾರದು, ಎಳೆದರೆ ಬೇರು ಮರ ಬಿಡುತ್ತದೆ. ಈಗೀಗ ಹಗುರ ಅಂತ ಅಲ್ಯೂಮಿನಿಯಂ ಏಣಿ ಬಂತು. ತೋಟದ ನಡುವೆ ಹಾದ ವಿದ್ಯುತ್ ತಂತಿಗೆ ಅದು ತಗುಲಿ ಎಷ್ಟು ಜನ ಸತ್ತರು ಅಂತ ನಮ್ಮ ಜಿಲ್ಲೆಯ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಕೆಳಗೆ ಆನೆ, ಮೇಲೆ ತಂತಿ, ಮಧ್ಯೆ ಒಂಟಿ ಏಣಿ.

ಇನ್ನು ಚಿಗುರು ತೆಗೆಯುವ ಹೆಂಗಸರು. ರೊಬಸ್ಟಾ ಗಿಡದಲ್ಲಿ ಮುಂದಿನ ವರ್ಷ ಹಣ್ಣು ಹಿಡಿಯುವ ರೆಕ್ಕೆ ಯಾವುದು, ಸುಮ್ಮನೆ ಸಾರ ಹೀರುವ ಕಂಬಚಿಗುರು ಯಾವುದು ಎಂದು ನೋಡಿದ ಕೂಡಲೇ ತಿಳಿಯಬೇಕು. ತಪ್ಪು ರೆಕ್ಕೆ ಮುರಿದರೆ ಒಂದು ವರ್ಷದ ಫಸಲು ನೆಲಕ್ಕೆ. ನಿನ್ನ ಅಜ್ಜಿ ಈ ಕೆಲಸದಲ್ಲಿ ಹೆಸರು ಮಾಡಿದವಳು. ಸಂಜೆ ಹೊತ್ತಿಗೆ ಅವಳ ಬೆರಳು ಕಪ್ಪಾಗಿರುತ್ತಿತ್ತು. ಗಂಡಾಳಿಗಿಂತ ಕಡಿಮೆ ಕೂಲಿಗೆ ಅವಳು ಸಹಿ ಹಾಕುತ್ತಿದ್ದಳು. ಸಮಾನ ಸಂಭಾವನೆ ಕಾಯ್ದೆ ಬಂದದ್ದು 1976ರಲ್ಲಿ. ಅದಾದ ಮೇಲೂ ಬಹಳ ಕಡೆ ಹೆಣ್ಣಾಳಿನ ಕೂಲಿ, ಗಂಡಾಳಿನ ಕೂಲಿ ಅಂತ ಎರಡು ಕೂಲಿ ಉಳಿದುಕೊಂಡವು. ಹೆಂಗಸರು ಮಾಡುವ ಕೆಲಸವೇ ಬೇರೆ, ಹಗುರದ್ದು ಎಂಬುದು ಅದಕ್ಕೆ ಕೊಟ್ಟ ಸಮರ್ಥನೆ. ಆ ಕೆಲಸವನ್ನು ಕುಶಲ ಎಂದು ಬರೆದಿದ್ದರೆ ಈ ಮಾತು ನಿಲ್ಲುತ್ತಿರಲಿಲ್ಲ. ಯಾಕೆ ಬರೆಯಲಿಲ್ಲ? ಐಟಿಐ ಸರ್ಟಿಫಿಕೇಟ್ ಇಲ್ಲ ಎನ್ನುತ್ತಾರೆ. ಕಲಿತದ್ದು ತಾಯಿಯಿಂದ, ಮಾವನಿಂದ, ಹಾಡಿಯ ಹಿರಿಯರಿಂದ. ನನಗೆ ಕಂಡಂತೆ ನಿಜವಾದ ಕಾರಣ, ಮರ ಹತ್ತುವವರು ಹೆಚ್ಚಾಗಿ ಯರವರು, ಕುರುಬರು ಎಂಬ ಆದಿವಾಸಿಗಳು. ಅವರಿಗೆ ಅದು ಹುಟ್ಟಿನಿಂದ ಬಂದದ್ದು ಎಂದುಬಿಟ್ಟರೆ ಹಣ ಕೊಡುವ ಅಗತ್ಯ ಬೀಳುವುದಿಲ್ಲ. ಮರ ಹತ್ತುವುದನ್ನು ಹೊಟ್ಟೆಯಲ್ಲಿ ಯಾರೂ ಕಲಿತು ಬರುವುದಿಲ್ಲ ಪುಟ್ಟೀ. ಬಿದ್ದು, ಪೆಟ್ಟು ತಿಂದು ಕಲಿಯುತ್ತಾರೆ.

ಕಳೆದ ತಿಂಗಳು, ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಗೆ ಬಂತಲ್ಲ, 1948ರ ಕನಿಷ್ಠ ವೇತನ ಕಾಯ್ದೆ ಅದರೊಳಗೆ ಸೇರಿಹೋಯಿತಲ್ಲ, ಅದನ್ನು ತರಿಸಿ ಓದಿದೆ. ಬಹಳ ವಿಷಯದಲ್ಲಿ ನನಗೆ ಅನುಮಾನ ಉಂಟು. ಆದರೆ ಆರನೆಯ ಕಲಮಿನಲ್ಲಿ ಒಂದು ಮಾತು ಹಿಡಿಸಿತು. ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಎಂಬ ವಿಂಗಡಣೆ ಮತ್ತು ಪ್ರದೇಶ ಮಾತ್ರವಲ್ಲ, ಕೆಲಸದ ಕಷ್ಟವನ್ನೂ ಅಪಾಯವನ್ನೂ ಸರ್ಕಾರ ಗಣನೆಗೆ ತೆಗೆದುಕೊಳ್ಳಬಹುದು ಎಂದಿದೆ. ತಡೆಯಲಾಗದ ಬಿಸಿ, ತೇವ, ಅಪಾಯದ ಕಸುಬು, ನೆಲದಡಿಯ ಕೆಲಸ ಎಂದು ಹೆಸರಿಸಿದ್ದಾರೆ. ನೆಲದಡಿ ಇಳಿಯುವವನು ನೆನಪಾದ ಮೇಲೆ ಮರದ ತುದಿಗೆ ಹತ್ತುವವನೂ ನೆನಪಾಗಬೇಕು. ರಾಜ್ಯದ ನಿಯಮಗಳಲ್ಲಿ ಅದನ್ನು ಬರೆಯಿಸಿಕೊಳ್ಳದಿದ್ದರೆ ಆ ಕಲಮು ಗಣಿಗೂ ಕುಲುಮೆಗೂ ಮಾತ್ರ ಅನ್ವಯವಾಗಿ ಉಳಿಯುತ್ತದೆ.

ಮಾರುಕಟ್ಟೆಯೇ ನ್ಯಾಯದ ಕೂಲಿ ಗೊತ್ತು ಮಾಡುತ್ತದೆ ಎನ್ನುವವರು ನಮ್ಮಲ್ಲೂ ಉಂಟು. ಅವರನ್ನು ಒಮ್ಮೆ ಮಾಕುಟ್ಟದ ದಾರಿಯಲ್ಲಿ ನಿಲ್ಲಿಸಬೇಕು. ಆ ಕಡೆ ಇಳಿದರೆ ಇರಿಟ್ಟಿ, ಕಣ್ಣೂರು ಜಿಲ್ಲೆ. ರಿಸರ್ವ್ ಬ್ಯಾಂಕಿನ ಕೈಪಿಡಿ ಪ್ರಕಾರ 2022–23ರಲ್ಲಿ ಕೇರಳದ ಹಳ್ಳಿಗಳಲ್ಲಿ ಕಟ್ಟಡ ಕೆಲಸದವರ ಸರಾಸರಿ ದಿನಗೂಲಿ 852 ರೂಪಾಯಿ, ಇಡೀ ದೇಶದ ಸರಾಸರಿ 393. ಕೃಷಿ ಕೂಲಿ ಅಲ್ಲಿ 764, ದೇಶದಲ್ಲಿ 345. ನಮ್ಮ ಹುಡುಗರು ಕರಣೆ, ಉಳಿ ಹಿಡಿದುಕೊಂಡು ಆ ಕಡೆ ಇಳಿಯುತ್ತಾರೆ. ಅವರು ಬಿಟ್ಟ ಜಾಗಕ್ಕೆ ಪಿರಿಯಾಪಟ್ಟಣ, ಹುಣಸೂರಿನಿಂದ ಬೆಳಗಿನ ಜೀಪುಗಳು ಬರುತ್ತವೆ. ಅದೂ ಸಾಲದೆ ಅಸ್ಸಾಮಿನಿಂದ, ಬಂಗಾಳದಿಂದ ಸಂಸಾರ ಸಮೇತ ಬರುತ್ತಾರೆ. ಬ್ರಹ್ಮಪುತ್ರ ಕಣಿವೆಯ ಚಹಾ ತೋಟದಲ್ಲಿ 2023ರ ಅಕ್ಟೋಬರ್‌ನಲ್ಲಿ ಏರಿಸಿದ ಮೇಲೂ ಕೂಲಿ ದಿನಕ್ಕೆ 250 ರೂಪಾಯಿ ಇತ್ತು. ಅಲ್ಲಿಂದ ಬಂದವರಿಗೆ ನಮ್ಮ ಕೂಲಿ ದೊಡ್ಡದಾಗಿ ಕಾಣುವುದು ಸಹಜ. ಆ ಸಹಜದ ಲಾಭ ಪಡೆದು, ಅವರಿಗಿಷ್ಟು ಸಾಕು ಎಂದು ಕೂಲಿ ಗೊತ್ತು ಮಾಡುವುದು ನ್ಯಾಯವಲ್ಲ. ಬಂದವನು ತಿನ್ನುವುದು ಸುಂಟಿಕೊಪ್ಪದ ಸಂತೆಯ ಅಕ್ಕಿ, ದಿಬ್ರುಗಢದ ಬೆಲೆಯಲ್ಲಿ ಅವನಿಗೆ ಇಲ್ಲಿ ಯಾರೂ ಕೊಡುವುದಿಲ್ಲ. ಎಲ್ಲಿಂದ ಬಂದ ಎಂದು ನೋಡಿ ಕೂಲಿ ಹೇಳಬಾರದು, ಎಲ್ಲಿ ನಿಂತು ದುಡಿಯುತ್ತಾನೆ ಎಂದು ನೋಡಿ ಹೇಳಬೇಕು.

ಇದೆಲ್ಲ ಹೊಸತಲ್ಲ. 1854ರಲ್ಲಿ ಫೌಲರ್ ಎಂಬ ಇಂಗ್ಲಿಷಿನವನು ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ಮಾಡಿದ. ಐದು ವರ್ಷಕ್ಕೆ, 1859ರಲ್ಲಿ, ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಅಪರಾಧಿ ಎನ್ನುವ ಕಾನೂನು ದೇಶಕ್ಕೆ ಬಂತು. ಹಾಸನ, ಮೈಸೂರು ಕಡೆಯಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳು ತರುತ್ತಿದ್ದದ್ದು ಈ ಕಾನೂನಿನ ಬಲದಲ್ಲಿ. 1926ರಲ್ಲಿ ಅದು ದೇಶದಲ್ಲೆಲ್ಲ ರದ್ದಾದಾಗ ಕೊಡಗಿಗೆ ಮಾತ್ರ ಅಂತ ಕೊಡಗು ಕಾರ್ಮಿಕ ಕಾಯ್ದೆ ಮಾಡಿಕೊಂಡು ಇನ್ನೂ ಕೆಲವು ವರ್ಷ ಶಿಕ್ಷೆಯನ್ನು ಉಳಿಸಿಕೊಂಡರು. ಬಿಟ್ಟುಹೋಗಲು ಆಗದವನ ಕೂಲಿಯನ್ನು ಕೂಲಿ ಎನ್ನಲಾಗದು. ಇವತ್ತು ಜೈಲಿನ ಭಯ ಇಲ್ಲ, ಆದರೆ ತೋಟದ ಮಾಲೀಕ ಕೊಟ್ಟ ಲೈನ್ ಮನೆ ಉಂಟು. ಕೆಲಸ ಬಿಟ್ಟರೆ ಮನೆ ಬಿಡಬೇಕು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಗುಡಿಸಲು ಕೆಡವಿದಾಗ ನೀನು ಟಿವಿ ಮುಂದೆ ಅತ್ತಿದ್ದೆ. ಲೈನಿನಿಂದ ಹೊರಗೆ ಬಂದು ತಮ್ಮದೇ ಸೂರು ಕಟ್ಟಿಕೊಂಡ ಜನ ಅವರು. ನಿವೇಶನ ಇರುವ ಕೆಲಸಗಾರ ನಿಂತು ಚೌಕಾಸಿ ಮಾಡುತ್ತಾನೆ, ಇಲ್ಲದವನು ಕೊಟ್ಟದ್ದು ತೆಗೆದುಕೊಳ್ಳುತ್ತಾನೆ. ಆದ್ದರಿಂದ ಕೂಲಿಯ ಕಡತ ನೋಡುವಾಗ ಅವನು ಯಾರ ಮನೆಯಲ್ಲಿ ಮಲಗುತ್ತಾನೆ ಎಂದೂ ಕೇಳು.

ಬೆಳೆಗಾರರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ನಿನ್ನ ಸೋದರಮಾವನಿಗೆ ಇರುವುದು ಮೂರು ಎಕರೆ. ಐದು ಹೆಕ್ಟೇರಿಗಿಂತ ಕಡಿಮೆ, ಹದಿನೈದಕ್ಕಿಂತ ಕಡಿಮೆ ಆಳು ಇದ್ದರೆ ತೋಟ ಕಾರ್ಮಿಕ ಕಾಯ್ದೆಯೇ ತಾಗುತ್ತಿರಲಿಲ್ಲ. ನಮ್ಮಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬೆಳೆಗಾರರು ಸಣ್ಣವರು. 2020ರ ಸುಮಾರಿಗೆ 50 ಕಿಲೋ ರೊಬಸ್ಟಾ ಚೆರಿಗೆ ಮೂರೂವರೆ ಸಾವಿರದ ಆಸುಪಾಸು ಸಿಗುತ್ತಿದ್ದಾಗ ಅವನು ಆಳಿಗೆ ಕೊಡಲು ಚಿನ್ನ ಇಟ್ಟದ್ದು ನನ್ನ ಕಣ್ಣೆದುರೇ. ಈ ವರ್ಷದ ಆರಂಭದಲ್ಲಿ ಅದೇ ಚೀಲ ಹತ್ತು ಸಾವಿರ ದಾಟಿತು. ಕೂಲಿಯೂ ಏರಿತು, ಆದರೆ ಅಷ್ಟೇ ಪಟ್ಟು ಏರಲಿಲ್ಲ. ಮೂರೂವರೆ ಸಾವಿರಕ್ಕೆ ಇಳಿದಾಗ ಕೊಡಲಾರೆ ಎನ್ನುವವರು ಹತ್ತು ಸಾವಿರಕ್ಕೆ ಏರಿದಾಗಲೂ ಹಳೆಯ ದರ ಹೇಳಿದರೆ ಒಪ್ಪಲಾಗದು. ನ್ಯಾಯ ವೇತನ ಸಮಿತಿ 1949ರಲ್ಲೇ ಇದಕ್ಕೆ ದಾರಿ ತೋರಿಸಿದೆ. ತಳದಲ್ಲಿ ಕನಿಷ್ಠ ವೇತನ, ಮೇಲುಗಡೆ ಉದ್ಯಮದ ಕೊಡುವ ಶಕ್ತಿ, ಇವೆರಡರ ಮಧ್ಯೆ ನ್ಯಾಯದ ಕೂಲಿ. ತಳದ ಮಟ್ಟಕ್ಕೆ ಕೊಡುವ ಶಕ್ತಿಯ ಮಾತು ಎತ್ತುವಂತಿಲ್ಲ ಎಂದು 1957ರಲ್ಲಿ ಕ್ರೌನ್ ಅಲ್ಯೂಮಿನಿಯಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಹಾಗಾಗಿ ನನ್ನ ಮಾತು ಇಷ್ಟು. ತಳ ಅಲುಗಬಾರದು, ಕಾಫಿ ಬಿದ್ದರೂ ಸರಿ. ಅದರ ಮೇಲೆ ಕೈಯ ಕೆಲಸಕ್ಕೊಂದು, ಎತ್ತರದ ಅಪಾಯಕ್ಕೊಂದು ಗೊತ್ತಾದ ಮೊತ್ತ ಇರಬೇಕು. ಬೆಲೆಯ ಜೊತೆ ಏರಿಳಿಯುವ ಪಾಲು ಬೇಕಿದ್ದರೆ ಇನ್ನೂ ಮೇಲೆ ಇರಲಿ, ಪ್ಲಾಂಟರ್ಸ್ ಅಸೋಸಿಯೇಷನ್ನೂ ಯೂನಿಯನ್ನುಗಳೂ ಕೂತು ಮಾತಾಡಿಕೊಳ್ಳಲಿ. ಮೂರು ಎಕರೆಯವನಿಗೆ ತಳ ಕೊಡಲು ಕಷ್ಟವಾದರೆ ಸರ್ಕಾರ ಬೆಲೆಯಲ್ಲೋ ಸಾಲದಲ್ಲೋ ಅವನನ್ನು ಹಿಡಿದೆತ್ತಬೇಕು. ಮರ ಹತ್ತುವವನ ಜೇಬಿನಿಂದ ಅವನಿಗೆ ನೆರವು ಕೊಡುವುದು ಸರಿಯಲ್ಲ.

ನಿನ್ನ ಯಾದಗಿರಿಯ ಮೇಸ್ತ್ರಿಗೆ ಹೀಗೆ ಹೇಳು. ಗೋಡೆಯಲ್ಲಿ ವ್ಯತ್ಯಾಸ ಇಲ್ಲ, ಕೈಯಲ್ಲೂ ಇಲ್ಲ, ಆದ್ದರಿಂದ ಕಸುಬಿನ ಪಾಲು ಎಲ್ಲ ಕಡೆ ಒಂದೇ ಇರಬೇಕು. ಬಾಡಿಗೆ, ಅಕ್ಕಿ, ಆಸ್ಪತ್ರೆ, ಕೆಲಸ ಸಿಗುವ ದಿನಗಳು, ಇವು ಮಾತ್ರ ಊರಿಂದ ಊರಿಗೆ ಬದಲಾಗುತ್ತವೆ, ಅಷ್ಟಕ್ಕೆ ಮಾತ್ರ ಕೂಲಿ ಬದಲಾಗಲಿ. ಬಿಸಿಲಿನಲ್ಲಿ ನಿಂತು ಗಾರೆ ಮಾಡುವುದಕ್ಕೂ ಸಂಹಿತೆಯಲ್ಲಿ ಜಾಗ ಉಂಟು, ಅವರ ಅರ್ಜಿಯಲ್ಲಿ ಮೇ ತಿಂಗಳ ಬಿಸಿಲನ್ನು ಬರೆಸು. ಬಹಳ ಜನ ಅರ್ಜಿಯಲ್ಲಿ ಬಡತನ ಬರೆಯುತ್ತಾರೆ, ಕೆಲಸ ಬರೆಯುವುದಿಲ್ಲ. ಏನು ಮಾಡುತ್ತೇನೆ, ಅದನ್ನು ಕಲಿಯಲು ಎಷ್ಟು ವರ್ಷ ಹಿಡಿಯಿತು, ತಪ್ಪಿದರೆ ಏನಾಗುತ್ತದೆ, ಈ ಮೂರನ್ನು ಬರೆಯಿಸು.

ನಾವೂ ಇಲ್ಲಿ ಅದನ್ನೇ ಮಾಡುತ್ತಾ ಇದ್ದೇವೆ. ಭಾನುವಾರ ಸಂತೆ ಮುಗಿದ ಮೇಲೆ ನಾಲ್ಕಾರು ಮರಕಪಾತಿನವರು, ಮೆಣಸಿನವರು, ಚಿಗುರು ಕೆಲಸದ ಹೆಂಗಸರು ನಮ್ಮ ಜಗಲಿಗೆ ಬರುತ್ತಾರೆ. ಅವರು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಯಾವ ಮರಕ್ಕೆ ಎಷ್ಟು ಹೊತ್ತು, ಯಾವ ಏಣಿ, ಹಗ್ಗ ಯಾರದ್ದು, ಮಳೆ ಬಂದ ದಿನ ಅರ್ಧ ಹಾಜರಿಯೋ ಪೂರ್ತಿಯೋ, ಬಿದ್ದವರಿಗೆ ಯಾರು ಏನು ಕೊಟ್ಟರು. ನಿನ್ನ ಅಮ್ಮ ಕಾಫಿ ಕೊಟ್ಟು ಸುಮ್ಮನಾಗುವುದಿಲ್ಲ, ಹೆಂಗಸರ ಲೆಕ್ಕ ಅವಳೇ ಕೇಳಿ ಬರೆಸುತ್ತಾಳೆ. ರಾಜ್ಯದ ನಿಯಮಗಳ ಮೇಲೆ ಅಭಿಪ್ರಾಯ ಸಲ್ಲಿಸಲು ಅವಕಾಶ ಸಿಕ್ಕರೆ ಇದನ್ನು ಕಳಿಸಬೇಕು, ಸಿಗದಿದ್ದರೆ ಮಡಿಕೇರಿಯ ಕಚೇರಿಗೆ ಕೈಯಲ್ಲೇ ಕೊಟ್ಟು ಸ್ವೀಕೃತಿ ತರಬೇಕು. ಯಾರ ಹೆಸರಿಗೆ ಬರೆಯಬೇಕು, ಕುಶಲ ವರ್ಗಕ್ಕೆ ಸೇರಿಸಿ ಎಂದು ಕೇಳಲು ಯಾವ ನಮೂನೆ, ಹೆಬ್ಬೆಟ್ಟು ಒತ್ತುವವರ ಅರ್ಜಿಗೆ ಸಾಕ್ಷಿ ಬೇಕೋ, ಇದನ್ನೆಲ್ಲ ವಿಚಾರಿಸಿ ತಿಳಿಸು. ಕರಡು ಪ್ರತಿ ಮುಂದಿನ ವಾರ ಅಂಚೆಗೆ ಹಾಕುತ್ತೇನೆ. ನನ್ನ ಭಾಷೆ ಹಳೆಯ ರೈಟರ್ ಭಾಷೆ, ಇಲಾಖೆಯವರಿಗೆ ತಿಳಿಯುವ ಹಾಗೆ ತಿದ್ದು, ಆದರೆ ಮರಗಳ ಹೆಸರನ್ನು ಮಾತ್ರ ತೆಗೆಯಬೇಡ.

ನಿನ್ನ ಅಪ್ಪ